ಬಾಗಿನದ ನೀರು

ಮನುಷ್ಯರ ಸಾಕ್ಷಿ ಕೇಳಿ ಕೇಳಿ ಸಾಕಾಗಿ, ಸರ್ಕಾರ ಕಲ್ಲಿನ ಸಾಕ್ಷಿ ಕೇಳಲು ಹೊರಟ ಕಾಲ ಅದು. ನೀರಿನ ವ್ಯಾಜ್ಯದಲ್ಲಿ ಮನುಷ್ಯ ನಿಜ ಹೇಳಿದ್ದುಂಟೇ? ಮೇಲಿನ ಊರಿನವನು ‘ನಮ್ಮ ತಾತನ ಕಾಲದಿಂದ ನಾವು ತಗೊಂಡದ್ದು ಇಷ್ಟೇ’ ಎಂದು ಬೆರಳ ತುದಿ ತೋರಿಸುತ್ತಾನೆ. ಕೆಳಗಿನ ಊರಿನವನು ‘ಇಷ್ಟುದ್ದ ತಗೊಂಡವ್ರೆ ಸ್ವಾಮಿ’ ಎಂದು ಮೊಳ ತೋರಿಸುತ್ತಾನೆ. ತಾತ ಎದ್ದು ಬಂದು ಹೇಳುವಂತಿಲ್ಲ. ತೂಬಿನ ಕಲ್ಲು ಮಾತ್ರ ಇದ್ದಲ್ಲೇ ಇದೆ.

ಚಿಕ್ಕರಾಣಿ ನಾಲೆಯ ತೂಬುಗಳೆಲ್ಲ ಹಳೆಯ ಕಾಲದ ಕಲ್ಲಿನವು. ನಾಲೆಯಿಂದ ಗದ್ದೆಗೆ ನೀರು ಬಿಡುವ ಆ ಕಿಂಡಿಗಳ ಬಾಯಲ್ಲಿ ನೀರಿನೊಳಗಿನ ಸುಣ್ಣ ಪೊರೆಪೊರೆಯಾಗಿ ಕಟ್ಟುತ್ತ ಬಂದಿದೆ. ಬಚ್ಚಲುಮನೆಯ ಹಂಡೆಯೊಳಗೆ ಕಟ್ಟುತ್ತದಲ್ಲ, ಹಾಗೆ. ಹಗಲಿನ ಬಿಸಿಗೆ ಒಂದು ಪೊರೆ, ರಾತ್ರಿಯ ತಂಪಿಗೆ ಇನ್ನೊಂದು. ನೀರು ಜೋರಾಗಿ ಹರಿದ ದಿನ ದಪ್ಪ, ಸಣ್ಣಗೆ ಹರಿದ ದಿನ ತೆಳು, ತೂಬು ಮುಚ್ಚಿದ ದಿನ ಬರೀ ಧೂಳಿನ ಗೆರೆ. ಆ ಪೊರೆಯಿಂದ ಬೆರಳುದ್ದದ ಕಡ್ಡಿ ಕೊರೆದು ಒಂದು ಪೆಟ್ಟಿಗೆಯಲ್ಲಿಟ್ಟು ಬೆಳಕು ಹಾಯಿಸಿದರೆ, ಮುನ್ನೂರು ವರ್ಷಗಳಲ್ಲಿ ಯಾವತ್ತು ಎಷ್ಟು ನೀರು ಹೋಯಿತು ಎಂಬುದು ಪರದೆಯ ಮೇಲೆ ಸೀರೆಯ ಅಂಚಿನ ಹಾಗೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಅಧಿಕಾರಿಗಳು ಅದಕ್ಕೆ ‘ಜಲಸಾಕ್ಷಿ’ ಎಂದು ಹೆಸರಿಟ್ಟರು. ಊರವರು ಸಾಕ್ಷಿಪೆಟ್ಟಿಗೆ ಎಂದು ಕರೆದರು.

ಪೆಟ್ಟಿಗೆ ಹೇಳಿದ್ದನ್ನು ನೋಡಿ ಜಲಹಕ್ಕು ನ್ಯಾಯಮಂಡಳಿಯು ಪ್ರತಿ ತೂಬಿಗೂ ಇಷ್ಟೇ ನೀರು ಎಂದು ಮಿತಿ ಗೊತ್ತುಮಾಡುವುದು. ಆಮೇಲೆ ತಾನೇ ತೆರೆದು ತಾನೇ ಮುಚ್ಚುವ ಉಕ್ಕಿನ ಬಾಗಿಲು ಕೂರಿಸುವುದು. ಅಲ್ಲಿಂದಾಚೆಗೆ ಯಾರ ಕೈಯೂ ಅದಕ್ಕೆ ಸೋಕುವಂತಿಲ್ಲ. ಎಲ್ಲ ಸರಿ. ಆದರೆ ನಿಯಮಗಳಲ್ಲಿ ಒಂದು ಮಾತ್ರ ಕೊಂಚ ನಿರ್ದಯವಾಗಿತ್ತು. ಗದ್ದೆಯಲ್ಲಿ ಪೈರು ನಿಂತಿರುವಾಗಲೇ ಒಂದು ತೂಬು ವರ್ಷವರ್ಷವೂ ಮುಚ್ಚಿದ್ದರೆ, ಆ ಊರು ಅಷ್ಟು ಕಡಿಮೆ ನೀರಿನಲ್ಲೂ ಸುಧಾರಿಸಬಲ್ಲದು ಎಂದೇ ಅರ್ಥ. ಅವರ ನೀರಿನಲ್ಲಿ ಮೂರರಲ್ಲೊಂದು ಪಾಲು ಅವರಿಗೆ ಬೇಡವಾದದ್ದು. ಅದು ಕೆಳಗಿನ ಊರಿನ ಪಾಲು.

ನಾಲೆಯ ತಲೆಯಲ್ಲಿರುವ ಹೊಂಗೆಕಟ್ಟೆ, ಕೊನೆಯಲ್ಲಿರುವ ಕಡೇಪುರ, ಎರಡೂ ಊರಿನವರು ಈ ನಿಯಮಕ್ಕೆ ಕಣ್ಣುಮುಚ್ಚಿ ರುಜು ಹಾಕಿದರು. ಪೈರು ನಿಂತಿರುವಾಗ ತೂಬು ಮುಚ್ಚುವ ಹುಚ್ಚ ಯಾರಿದ್ದಾನೆ ಎಂದು ಅವರ ಎಣಿಕೆ. ತಾವೇ ಮುಚ್ಚುತ್ತ ಬಂದದ್ದು ಹೊಂಗೆಕಟ್ಟೆಯವರಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಅದನ್ನು ಅವರು ಎಂದೂ ನೀರಿನ ಲೆಕ್ಕಕ್ಕೆ ಹಿಡಿದವರೇ ಅಲ್ಲ.

ಒಂದು ಊರಿನ ತೂಬನ್ನು ಪೆಟ್ಟಿಗೆ ಓದುವಾಗ ಎದುರು ಊರಿನ ಒಬ್ಬರು ಪಕ್ಕದಲ್ಲಿ ಕೂರಬೇಕೆಂದು ಕಟ್ಟಳೆ. ಕಡೇಪುರದಿಂದ ಹೋದವಳು ಸೌಭಾಗ್ಯ. ಊರಿನ ನೀರು ಬಳಕೆದಾರರ ಸಂಘಕ್ಕೆ ಅಧ್ಯಕ್ಷೆ, ಐವತ್ತು ದಾಟಿದ ಗಟ್ಟಿಗಿತ್ತಿ, ಬಾಯಿ ಸ್ವಲ್ಪ ಜೋರು. ಹುಟ್ಟಿದ ಮನೆ ಹೊಂಗೆಕಟ್ಟೆ. ಆ ಊರಿನ ಕಡೆಯಿಂದ ನೇಮಕವಾದವನು ಅವಳ ಒಡಹುಟ್ಟಿದ ಅಣ್ಣ ಚಲುವರಾಜು. ಅಣ್ಣ ತಂಗಿ ಎದುರುಬದುರು ಕೂತರೆ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗುವುದಿಲ್ಲವೆಂದು ಊರಿನ ಹಿರಿಯರು ಯೋಚಿಸಿದ್ದರು. ಹಿರಿಯರ ಯೋಚನೆ ಎಷ್ಟು ದೂರ ಹೋಗುತ್ತದೋ ಅಷ್ಟೇ.

ನಾಲೆ ಹೊರಡುವ ಅಣೆಕಟ್ಟೆಯ ಪಕ್ಕದ ಹಳೇ ಪ್ರವಾಸಿ ಮಂದಿರವನ್ನೇ ಪ್ರಯೋಗಶಾಲೆ ಮಾಡಿದ್ದರು. ಪೆಟ್ಟಿಗೆ ನೋಡಿಕೊಳ್ಳುವವಳು ಡಾಕ್ಟರ್ ಅನ್ನಪೂರ್ಣ, ಧಾರವಾಡದ ಕಡೆಯ ಹುಡುಗಿ. ಅವತ್ತು ಹೊಂಗೆಕಟ್ಟೆಯ ಮೂರನೇ ತೂಬಿನ ಸರದಿ. ಅದು ಸೌಭಾಗ್ಯಳ ತವರುಮನೆಯ ತೂಬು; ಅದರ ನೀರು ಹೋಗುವುದು ಚಲುವರಾಜುವಿನ ಗದ್ದೆಗೇ.

ಪರದೆಯ ಮೇಲೆ ನೀಲಿ ಪಟ್ಟಿ ಓಡುತ್ತಿತ್ತು. ನಡುನಡುವೆ ಕಂದು ಗೆರೆ. ಅನ್ನಪೂರ್ಣ ಹುಬ್ಬು ಗಂಟಿಕ್ಕಿದಳು.

“ಅಕ್ಕಾರ, ಇಲ್ಲೊಂದು ವಿಚಿತ್ರ ನೋಡ್ರಿ. ಪೈರು ತೆಂಡೆ ಒಡ್ಯೂ, ನೀರು ಬೇಕ ಬೇಕಾಗೂ ಹೊತ್ತಿನಾಗ ತೂಬು ಮುಚ್ಯಾರ. ಪ್ರತಿ ವರ್ಷ ಮುಚ್ಯಾರ. ಆದ್ರ ಈ ಗೆರಿ ಒಂದ ಜಾಗಾದಾಗ ನಿಲ್ಲವಲ್ದು. ಈ ವರ್ಷ ಇಲ್ಲಿ ಅದ, ಮರುವರ್ಷ ಹತ್ತು ಹನ್ನೊಂದು ದಿನ ಮೊದಲ, ಅದರ ಮರುವರ್ಷ ಮತ್ತಷ್ಟು ಮೊದಲ. ಆಮ್ಯಾಲೆ ಒಮ್ಮೆಲೆ ಮುಂದಕ್ಕ ಜಿಗೀತದ. ಯಂತ್ರಾನ ಕೆಟ್ಟದೇನೋ ಅಂತ ಎಲ್ಲಾ ಬಿಚ್ಚಿ ನೋಡಿದೆ. ಕೆಟ್ಟಿಲ್ಲ.”

“ನಿಮ್ ಪೆಟ್ಟಿಗೆ ಏನಂತದೆ?”

“ಅದು ‘ಅಶಿಸ್ತಿನ ಬಳಕೆ’ ಅಂತ ಬರದದ. ನೀರು ಬ್ಯಾಡಾಗಿತ್ತು, ಮುಚ್ಚಿ ಕೂತ್ರು ಅಂತ.”

ಸೌಭಾಗ್ಯ ಪರದೆಯನ್ನೇ ನೋಡಿದಳು. ಹಿಂದಕ್ಕೆ ಹಿಂದಕ್ಕೆ ಸರಿದು, ಎರಡು ಮೂರು ವರ್ಷಕ್ಕೊಮ್ಮೆ ಮುಂದಕ್ಕೆ ಹಾರುವ ಗೆರೆ. ಅಧಿಕ ಮಾಸ ಬಂದ ವರ್ಷ ಹಬ್ಬಗಳು ಹೀಗೇ ತಾನೇ ಮುಂದಕ್ಕೆ ಹೋಗುವುದು? ಅದು ಅಶಿಸ್ತಲ್ಲ. ಅದು ಗೌರಿ ಹಬ್ಬ.

ಭಾದ್ರಪದದ ತದಿಗೆಗೆ ತವರಿನಿಂದ ಹೆಣ್ಣುಮಕ್ಕಳಿಗೆ ಮೊರದ ಬಾಗಿನ ಬರುವುದು ಎಲ್ಲ ಕಡೆ ಇದ್ದದ್ದೇ. ಬಳೆ, ಬಿಚ್ಚೋಲೆ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲ. ಈ ನಾಲೆಯ ಮೇಲಿನ ಊರುಗಳವರು ಅದರ ಜೊತೆಗೆ ಇನ್ನೊಂದನ್ನು ಕಳಿಸುತ್ತಿದ್ದರು. ಮನೆಯ ಹೆಣ್ಣುಮಗಳನ್ನು ಕೆಳಗಿನ ಊರಿಗೆ ಕೊಟ್ಟವರು ಗೌರಿ ಬಂದಂದಿನಿಂದ ಮೂರ್ತಿಯನ್ನು ನೀರಿಗೆ ಬಿಡುವ ತನಕ ತಮ್ಮ ತೂಬು ಮುಚ್ಚಿ, ನೀರನ್ನು ನಾಲೆಯಲ್ಲೇ ಕೆಳಕ್ಕೆ ಬಿಡುತ್ತಿದ್ದರು. ತಮ್ಮ ಪೈರಿಗೆ ನೀರು ಬೇಕೇ ಬೇಕಾದ ಹೊತ್ತದು, ಆದರೂ ಮುಚ್ಚುತ್ತಿದ್ದರು. ಬೇಡದ್ದನ್ನು ಕೊಟ್ಟರೆ ಅದು ಬಾಗಿನ ಹೇಗಾದೀತು! ಮತ್ತೆ, ಕೊಟ್ಟವರು ಕೊಟ್ಟೆವೆನ್ನುವಂತಿಲ್ಲ, ಪಡೆದವರು ಬಂತೆನ್ನುವಂತಿಲ್ಲ. ಬಾಗಿನವನ್ನು ಹತ್ತು ಜನರೆದುರು ಬಿಚ್ಚಿ ಎಣಿಸಿದರೆ ತವರಿನ ಕೈ ಕಟ್ಟಿಹೋಗುತ್ತದೆಂದು ನಂಬಿಕೆ. ಹಾಗಾಗಿ ನಾಲೆಯ ಉದ್ದಕ್ಕೂ ಅದನ್ನು ಅರಿಯದ ಹೆಂಗಸಿರಲಿಲ್ಲ, ಅದರ ಬಗ್ಗೆ ಬಾಯಿಬಿಟ್ಟ ಹೆಂಗಸೂ ಇರಲಿಲ್ಲ.

“ಸ್ವಲ್ಪ ಈಚೆಗೆ ಬನ್ನಿ, ಇತ್ತೀಚಿನ ವರ್ಷ ತೋರ್ಸಿ,” ಎಂದಳು ಸೌಭಾಗ್ಯ.

ಅವಳಿಗೆ ಬೇಕಾಗಿದ್ದದ್ದು ಮೂರೇ ವರ್ಷ. ಅವಳ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಚಲುವರಾಜು ಆಸೆಪಟ್ಟಿದ್ದ. ಹುಡುಗಿ ಒಲ್ಲೆ ಎಂದಳು. ಬೇರೆ ಕಡೆ ಕೊಟ್ಟರು. ಅಣ್ಣ ಮಾತು ಬಿಟ್ಟ. ಮದುವೆಗೆ ಬರಲಿಲ್ಲ, ಹಬ್ಬಕ್ಕೆ ಮೊರ ಕಳಿಸಲಿಲ್ಲ. ಮೂರು ಗೌರಿ ಹಬ್ಬ ಅವಳು ಬಾಗಿಲ ಕಡೆ ನೋಡಿ ನೋಡಿ ಕಣ್ಣೊರೆಸಿಕೊಂಡಿದ್ದಳು. ಅವಳ ಅತ್ತೆ ತೀರಿಕೊಂಡಾಗ ಅವನೇ ಬಂದು ಹೆಗಲು ಕೊಟ್ಟು, ಅಲ್ಲಿಗೆ ಮುನಿಸು ಮುಗಿದಿತ್ತು. ಆ ವರ್ಷಗಳಲ್ಲೂ ನಾಲೆಯಲ್ಲಿ ಹಬ್ಬದ ನೀರು ಬಂದಿತ್ತು ನಿಜ. ಆದರೆ ನೀರಿಗೇನು ಹೆಸರು ಬರೆದಿರುತ್ತದೆಯೇ? ಬೇರೆಯವರ ತವರಿನದು ಎಂದುಕೊಂಡಿದ್ದಳು.

ಪರದೆಯ ಮೇಲೆ ಆ ಮೂರು ವರ್ಷ ಬಂದವು. ಮೂರರಲ್ಲೂ ಕಂದು ಗೆರೆ ಇತ್ತು. ಬೇರೆ ವರ್ಷಗಳಿಗಿಂತ ಅಗಲವಾಗಿಯೇ ಇತ್ತು.

“ಅಕ್ಕಾರ, ಯಾಕ್ರಿ, ಅಳಾಕ್ಹತ್ತೀರಲ್ಲ?”

“ಇಲ್ಲ ಕಣಮ್ಮ, ನಿಮ್ ಕಲ್ಲಿನ ಧೂಳು,” ಎಂದು ಸೌಭಾಗ್ಯ ಸೆರಗಿನಿಂದ ಮುಖ ಒರೆಸಿಕೊಂಡಳು. ಮಾತು ಬಿಟ್ಟಿದ್ದನಂತೆ ಮಾತು! ಹಾಳಾದವನು, ಗದ್ದೆ ಒಣಗಿಸಿಕೊಂಡು ನೀರು ಕಳಿಸಿದ್ದಾನೆ.

ಮನೆಗೆ ಬಂದರೆ ಗಂಡ ಶಿವಲಿಂಗು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು.

“ಹೊಂಗೆಕಟ್ಟೆಯೋರ ಮೂರ್ರಲ್ಲಿ ಒಂದ್ ಪಾಲು ನೀರು ನಮ್ಗೆ ಬತ್ತದಂತಲ್ಲಮ್ಮಿ! ಊರ್ನಲ್ಲಿ ಆಗ್ಲೇ ಕೊನೇ ಬಯಲು ಉಳೋ ಮಾತು ನಡೀತಾದೆ. ನಮ್ಮಪ್ಪನ ಕಾಲ್ದಿಂದ ಮುಸುಕಿನ ಜೋಳವೇ ಕಂಡಿದ್ದ ನೆಲ, ಇನ್ಮೇಲೆ ಭತ್ತ ಕಾಣ್ತದೆ.”

ಸೌಭಾಗ್ಯ ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ತಾನೂ ಸುಲಿಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಎಲ್ಲವನ್ನೂ ಹೇಳಿದಳು. ಹೇಳಬಾರದ್ದನ್ನೂ ಹೇಳಿದಳು. ಶಿವಲಿಂಗುವಿನ ಕೈ ನಿಂತಿತು.

“ನಾನು ಬಾಯಿ ಮುಚ್ಕೊಂಡಿದ್ರೆ ನೀರು ನಮ್ದು. ಅಣ್ಣಯ್ಯನ ಗದ್ದೆ ಬೀಳು. ಬಾಯಿ ಬುಟ್ರೆ ಅವ್ನ ನೀರು ಅವ್ನಿಗೆ, ನಮ್ಗೆ ಕಾನೂನ್ನಲ್ಲಿ ಒಂದ್ ಹನೀನೂ ಇಲ್ಲ,” ಎಂದಳು.

“ಕೈಗೆ ಬಂದ ತುತ್ತು.”

“ಹೂಂ. ನೀವೇನ್ ಹೇಳೀರಿ?”

ಶಿವಲಿಂಗು ಹೇಳಿಕೇಳಿ ಊರಿನ ಜನರ ಜೊತೆ ಬಾಳಬೇಕಾದವನು. ಅವನು ಒಂದು ಕಾಯಿ ಸುಲಿದು, ಹುಳ ಬಿದ್ದಿದೆಯೇನೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದ.

“ನಾನೇನ್ ಹೇಳಾನ. ಬಾಯಿ ಮುಚ್ಕೊಂಡಿರು ಅಂದ್ರೆ ನೀನು ಇರಾಕಿಲ್ಲ, ಮೂವತ್ತು ವರ್ಷದಿಂದ ನೋಡಿವ್ನಿ. ಹೇಳು ಅಂತ ನನ್ ಬಾಯಲ್ ಮಾತ್ರ ಹೇಳಿಸ್ಬೇಡ. ಮೊದ್ಲು ಭಾವನ್ನ ಒಂದ್ ಮಾತು ಕೇಳು, ಹೋಗು.”

ಮರುದಿನ ಬೆಳಿಗ್ಗೆ ಅವಳು ಹೊಂಗೆಕಟ್ಟೆಯ ನಾಲೆಯ ಏರಿಯ ಮೇಲೆ ಅಣ್ಣನನ್ನು ಹಿಡಿದಳು. ಚಲುವರಾಜು ಗುದ್ದಲಿ ಹಿಡಿದು ಬದು ಸರಿಮಾಡುತ್ತಿದ್ದ.

“ಅಣ್ಣಯ್ಯ, ನ್ಯಾಯಮಂಡ್ಳಿ ಮುಂದೆ ನೀನೇ ಹೇಳ್ಬುಡು. ಹಬ್ಬಕ್ಕೆ ಮುಚ್ತಿದ್ದೋ ಅಂತ.”

“ಯಾವ ಹಬ್ಬ? ಏನ್ ಮುಚ್ಚಿದ್ದು?”

“ಅಡ್ಡಗೋಡೆ ಮೇಲೆ ದೀಪ ಇಡ್ಬೇಡ. ಪೆಟ್ಟಿಗೇಲಿ ನೋಡ್ದೆ. ನೀನು ನನ್ಜೊತೆ ಮಾತು ಬುಟ್ಟಿದ್ ವರ್ಷಾನೂ ನೋಡ್ದೆ.”

ಚಲುವರಾಜು ಗುದ್ದಲಿಯನ್ನು ನೆಲಕ್ಕೂರಿ, ಅದರ ಕಾವಿನ ಮೇಲೆ ಗದ್ದ ಇಟ್ಟು ನಿಂತ. ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗಿತ್ತು ಮುಖ.

“ಹಾಳಾದ್ ಪೆಟ್ಟಿಗೆ,” ಎಂದ. ಆಮೇಲೆ ಮೆಲ್ಲಗೆ, “ಊರ್ನೋರೆಲ್ಲ ಕೂತು ಮಾತಾಡಿದ್ದೀವಿ ಕಣವ್ವ. ಒಬ್ಬೊಬ್ಬರ ಮನೆ ಹೆಣ್ಮಗ್ಳೂ ಕೆಳಗವ್ಳೆ. ನಾವು ಎಣ್ಸಾಕಿಲ್ಲ. ನೀರು ಹೋದ್ರೆ ಯಾರ್ಗೆ ಹೋಯ್ತದೆ? ನಿಮ್ಗೇ ತಾನೇ? ಕೈಯಿಂದ ಕೊಡ್ತಿದ್ದೋ, ಇನ್ಮೇಲೆ ಕಾನೂನು ಕೊಡ್ತದೆ. ಬುಡು ಅತ್ಲಾಗೆ.”

“ನಿನ್ ಗದ್ದೆ?”

“ರಾಗಿ ಹಾಕ್ತೀನಿ. ರಾಗಿ ತಿಂದ್ರೆ ಸಾಯ್ತೀವಾ?” ಎಂದು ನಕ್ಕು ಮತ್ತೆ ಮಣ್ಣು ಎಳೆಯತೊಡಗಿದ. ಸೌಭಾಗ್ಯಳಿಗೆ ಅವನ ಬೆನ್ನ ಮೇಲೆ ಒಂದು ಗುದ್ದಬೇಕೆನಿಸಿತು. ಅತ್ತುಬಿಡುತ್ತೇನೆಂಬ ಭಯಕ್ಕೆ ಏನೂ ಮಾಡದೆ ವಾಪಸು ನಡೆದಳು.

ವಿಚಾರಣೆಯ ದಿನ ಪ್ರವಾಸಿ ಮಂದಿರದ ದೊಡ್ಡ ಕೋಣೆ ಕಿಕ್ಕಿರಿದಿತ್ತು. ಒಂದು ಕಡೆ ಹೊಂಗೆಕಟ್ಟೆ, ಒಂದು ಕಡೆ ಕಡೇಪುರ. ನ್ಯಾಯಮಂಡಳಿಯ ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತಲೇ ಮಾತನಾಡುವ, ಸಾವಧಾನದ ಹಿರಿಯರು. ಅನ್ನಪೂರ್ಣ ಗೆರೆಗಳನ್ನು ತೋರಿಸಿದಳು. ಕೊನೆಗೆ ಒಂದು ಮಾತು ಸೇರಿಸಿದಳು: ಪೆಟ್ಟಿಗೆ ‘ಯಾವಾಗ’ ಎಂಬುದನ್ನು ಹೇಳುತ್ತದೆಯೇ ಹೊರತು ‘ಯಾಕೆ’ ಎಂಬುದನ್ನಲ್ಲ.

“ಚಲುವರಾಜು ಅವರೇ, ‘ಯಾಕೆ’ ಎಂಬುದನ್ನು ನೀವು ಹೇಳಬಹುದು. ಪೈರು ನಿಂತಿರುವಾಗ ತೂಬು ಮುಚ್ಚಿದ್ದೇಕೆ?” ಎಂದು ಅಧ್ಯಕ್ಷರು ಕೇಳಿದರು.

“ಮೈಗಳ್ಳತನ ಸ್ವಾಮಿ.”

“ಮುನ್ನೂರು ವರ್ಷವೂ?”

“ನಮ್ಮೂರೋರು ಮೊದ್ಲಿಂದ್ಲೂ ಹಂಗೇ ಸ್ವಾಮಿ. ಸೋಮಾರಿಗಳು.”

ಹೊಂಗೆಕಟ್ಟೆಯವರು ಒಬ್ಬರೂ ತಲೆ ಎತ್ತಲಿಲ್ಲ. ಹಗಲೆಲ್ಲ ಮಣ್ಣಿನಲ್ಲಿ ಗೇದು ಬೆನ್ನು ಬಾಗಿದ ಗಂಡಸರು ತಾವು ಸೋಮಾರಿಗಳೆಂದು ಒಪ್ಪಿ ಕೂತಿದ್ದರು. ಕಡೇಪುರದ ಕಡೆ ಗಂಡಸರು ನೆಮ್ಮದಿಯಿಂದ ಉಸಿರುಬಿಟ್ಟರೆ, ಹೆಂಗಸರು ನೆಲ ನೋಡಿದರು. ಅಧ್ಯಕ್ಷರು ಲೇಖನಿ ಎತ್ತಿಕೊಂಡರು.

‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.’ ಸೌಭಾಗ್ಯಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಇಷ್ಟು ಜನರ ಮುಂದೆ ಎಣಿಸಿದರೆ ಇನ್ನು ಮುಂದೆ ತವರಿಲ್ಲ. ಎಣಿಸದಿದ್ದರೆ ತವರಿನವರಿಗೆ ಗದ್ದೆಯಿಲ್ಲ. ಅವಳು ಎದ್ದು ನಿಂತಳು.

“ಸುಳ್ಳು ಸ್ವಾಮಿ! ಆಣೆ ಇಟ್ಟು ಸುಳ್ಳು ಹೇಳ್ತಾವ್ನೆ ನಮ್ಮಣ್ಣ!”

“ಭಾಗ್ಯ, ಕೂತ್ಕೊ!” ಎಂದ ಚಲುವರಾಜು.

“ನೀನು ಕೂತ್ಕೊ! ಸ್ವಾಮಿ, ಅದು ಬಾಗಿನ. ನಂಗೆ ಬರೋ ಬಾಗಿನ. ನಮ್ಮವ್ವನ ಕಾಲ್ದಲ್ಲಿ ನಮ್ ಸೋದರತ್ತೆಗೆ ಹೋಗ್ತಿತ್ತು. ಗೌರಿ ಬಂದ್ ದಿನ ಮುಚ್ತಾರೆ, ಗೌರಿ ಬುಟ್ ದಿನ ತೆಗೀತಾರೆ. ಆ ಕಂದು ಗೆರೆ ಪಕ್ಕ ಪಂಚಾಂಗ ಇಟ್ಟು ನೋಡ್ರಿ. ಅಧಿಕ ಮಾಸ ಬಂದ್ ವರ್ಷ ಮುಂದಕ್ಕೆ ಹೋಗ್ತದೆ. ಸೋಮಾರಿತನಕ್ಕೆ ಪಂಚಾಂಗ ಗೊತ್ತಿರ್ತದಾ ಸ್ವಾಮಿ? ಇವ್ರು ಮುಚ್ಕೊಂಡು ಸುಧಾರಿಸಿದ್ದಲ್ಲ, ನಮ್ಗೋಸ್ಕರ ಒಣಗಿದ್ದು!”

ಅನ್ನಪೂರ್ಣ ಆಗಲೇ ಕೀಲಿಮಣೆಯ ಮೇಲೆ ಬಗ್ಗಿದ್ದಳು. ಮುನ್ನೂರು ವರ್ಷಗಳ ಭಾದ್ರಪದ ತದಿಗೆಗಳು ಪರದೆಯ ಮೇಲೆ ಅರಿಸಿನ ಬಣ್ಣದ ಚುಕ್ಕೆಗಳಾಗಿ ಬಿದ್ದವು. ಒಂದೊಂದು ಚುಕ್ಕೆಯೂ ಒಂದೊಂದು ಕಂದು ಗೆರೆ ಶುರುವಾಗುವ ಕಡೆಗೇ ಹೋಗಿ ಕೂತಿತು. ಹಿಂದೊಮ್ಮೆ ಊರಲ್ಲಿ ಪ್ಲೇಗು ಬಂದು ಜನ ಗುಡಿಸಲು ಹಾಕಿಕೊಂಡು ಹೊರಗಿದ್ದರಲ್ಲ, ಆ ವರ್ಷದ್ದೂ ತಪ್ಪಿರಲಿಲ್ಲ.

“ಅಯ್ಯ ನನ್ನವ್ವ, ನಂಗ್ಯಾಕ ಹೊಳೀಲಿಲ್ಲ ಇದು! ನಮ್ಮನ್ಯಾಗೂ ಗೌರಿ ಕೂಡಸ್ತೀವಿ,” ಎಂದು ಹುಡುಗಿ ತನಗೆ ತಾನೇ ಹಣೆ ಚಚ್ಚಿಕೊಂಡಳು.

ಕಡೇಪುರದ ಗಂಡಸರಲ್ಲಿ ಗುಜುಗುಜು ಎದ್ದಿತು. “ನಮ್ಮೂರ ಬಾಯಿಗೆ ಮಣ್ಣು ಹಾಕ್ಬುಟ್ಳು,” ಎಂದು ಯಾರೋ ಅಂದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬಳು ಮುದುಕಿ ಎದ್ದು, “ನಂಗೂ ಬತ್ತಿತ್ತು ಸ್ವಾಮಿ, ಐದ್ನೇ ತೂಬಿಂದ,” ಎಂದಳು. ಅವಳ ಪಕ್ಕದವಳು, “ನಂಗೆ ಎರಡ್ನೇದ್ರಿಂದ,” ಎಂದಳು. ಒಬ್ಬೊಬ್ಬರಾಗಿ ಕಡೇಪುರದ ಹೆಂಗಸರೆಲ್ಲ ಎದ್ದು ನಿಂತರು. ಗುಜುಗುಜು ಅಡಗಿತು. ಮನೆಗೆ ಹೋಗಿ ಉಣ್ಣಬೇಕಲ್ಲ.

ಅಧ್ಯಕ್ಷರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ತೀರ್ಪು ಹೇಳಿದರು. ತನ್ನದಲ್ಲದ್ದನ್ನು ಯಾರೂ ಬಾಗಿನ ಕೊಡಲಾರರು. ಆದ್ದರಿಂದ ತೂಬು ಮುಚ್ಚಿದ ದಿನಗಳು ಹಕ್ಕು ಬಿಟ್ಟ ದಿನಗಳಲ್ಲ, ಹಕ್ಕು ಚಲಾಯಿಸಿದ ದಿನಗಳು. ಹೊಂಗೆಕಟ್ಟೆಯ ನೀರು ಪೂರ್ತಿ ಹೊಂಗೆಕಟ್ಟೆಗೇ. ಅದರ ಮೇಲೆ ಕಡೇಪುರಕ್ಕೆ ಯಾವ ಹಕ್ಕೂ ಇಲ್ಲ.

ಹೊರಗೆ ಹೊಂಗೆಮರದ ಕೆಳಗೆ ಸೌಭಾಗ್ಯ ಒಬ್ಬಳೇ ನಿಂತಿದ್ದಳು. ಗೆದ್ದೆನೋ ಸೋತೆನೋ ಅವಳಿಗೇ ತಿಳಿಯಲಿಲ್ಲ. ಚಲುವರಾಜು ಬಂದ. ಅವನ ಕಣ್ಣು ಕೆಂಪಾಗಿತ್ತು.

“ಎಣ್ಸಿಬುಟ್ಟಲ್ಲವ್ವ.”

“ಎಣ್ಸಿದೆ. ಏನ್ ಮಾಡ್ತೀಯೋ ಮಾಡು. ಇನ್ನು ನಿನ್ ಕೈ ಕಟ್ಟೋಯ್ತು, ನಂಗೆ ತವರಿಲ್ಲ.”

ಚಲುವರಾಜು ಉತ್ತರಿಸುವ ಮೊದಲೇ ಅನ್ನಪೂರ್ಣ ಕೈಯಲ್ಲೊಂದು ಟ್ಯಾಬ್ ಹಿಡಿದು ಓಡಿಬಂದಳು. ಹೊಸ ಉಕ್ಕಿನ ಬಾಗಿಲಿಗೆ ಎಲ್ಲವನ್ನೂ ಮೊದಲೇ ಹೇಳಿಡಬೇಕಿತ್ತು. ಬಾಗಿನ ಕೊಡುವವರು ಕೊಡಬಹುದೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದರು.

“ಅಣ್ಣಾರ, ಗೌರಿ ಹಬ್ಬಕ್ಕ ನಿಮ್ಮ ತೂಬು ಎಷ್ಟು ದಿನ ಮುಚ್ಚಬೇಕ್ರಿ? ಇಲ್ಲೊಂದು ಅಂಕಿ ಹಾಕ್ರಿ. ಕೊಡೂದಿಲ್ಲಂದ್ರ ಸೊನ್ನೆ ಹಾಕ್ರಿ.”

ಸೌಭಾಗ್ಯ ಮುಖ ಆ ಕಡೆ ತಿರುಗಿಸಿದಳು. ಚಲುವರಾಜು ಆ ಖಾಲಿ ಚೌಕವನ್ನು ನೋಡಿದ.

“ಅಂಕಿ ಬೇಡ ಕಣವ್ವ. ಅವ್ಳು ಸಾಕು ಅನ್ನೋಗಂಟ ಅಂತ ಬರ್ಕೊ.”

“ಯಂತ್ರಕ್ಕ ಹಂಗಂದ್ರ ತಿಳಿಯೂದಿಲ್ರೀ.”

“ತಿಳಿಯಂಗೆ ಮಾಡು. ಅಷ್ಟು ಓದಿದ್ದೀಯ.”

ಅನ್ನಪೂರ್ಣ ತುಸು ಹೊತ್ತು ತಲೆ ಕೆರೆದುಕೊಂಡಳು. ಆಮೇಲೆ ಸೌಭಾಗ್ಯಳ ಫೋನು ಇಸಿದುಕೊಂಡು ಅದರಲ್ಲಿ ಏನೋ ಮಾಡಿದಳು. ಫೋನಿನ ಮೇಲೆ ಒಂದೇ ಒಂದು ಗುಂಡಿ ಮೂಡಿತು. ಅದರ ಮೇಲೆ ‘ಸಾಕು’ ಎಂದು ಬರೆದಿತ್ತು.

ಆ ವರ್ಷ ಗೌರಿ ತಡವಾಗಿ ಬಂದಳು, ಮಳೆಯೂ ಕೈಕೊಟ್ಟಿತ್ತು. ತದಿಗೆಯ ದಿನ ಬೆಳಿಗ್ಗೆ ಹೊಂಗೆಕಟ್ಟೆಯ ತೂಬುಗಳ ಉಕ್ಕಿನ ಬಾಗಿಲು ಒಂದಾದ ಮೇಲೊಂದು ಮುಚ್ಚಿಕೊಂಡವು. ಸಂಜೆಯ ಹೊತ್ತಿಗೆ ಕಡೇಪುರದ ನಾಲೆ ತುಂಬಿ ಬಂತು. ಕೊನೇ ಬಯಲು ಉಳಲಾಗಲಿಲ್ಲವೆಂದು ಮುಖ ಊದಿಸಿಕೊಂಡಿದ್ದವರೂ ಗುದ್ದಲಿ ಹಿಡಿದು ಓಡಿದರು. ಮರುದಿನವೂ ನೀರು ಹರಿಯಿತು. ಸೌಭಾಗ್ಯಳ ಗದ್ದೆಯ ಮೇಲಿನ ಮಡಿಗಳು ತುಂಬಿದವು. ಇನ್ನೂ ಕೆಳಗಿನ ಎರಡು ಮಡಿ ಬಾಕಿ ಇರುವಾಗಲೇ ಅವಳು ಬದುವಿನ ಮೇಲೆ ಕೂತು ಫೋನು ತೆಗೆದು ‘ಸಾಕು’ ಒತ್ತಿದಳು. ಶಿವಲಿಂಗು ಅದನ್ನು ನೋಡಿ ಗುದ್ದಲಿ ಹೆಗಲಿಗೇರಿಸಿದ.

ಸ್ವಲ್ಪ ಹೊತ್ತಿಗೆ ಫೋನು ಬಂತು.

“ಯಾಕವ್ವ, ಇಷ್ಟ್ ಬೇಗ ತೂಬು ತೆಗ್ಸಿದ್ದು?”

“ಸಾಕಾಯ್ತು ಕಣಣ್ಣಯ್ಯ.”

“ಕೊನೇ ಮಡಿ ಮುಟ್ತಾ?”

“ಮುಟ್ತು.”

ಅಣ್ಣನ ತೂಬಿನಲ್ಲಿ ನೀರು ಧುಮುಕುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

“ಸುಳ್ಳು ಹೇಳ್ತಿದ್ದೀಯ ಕಣೆ ನೀನು,” ಎಂದ ಚಲುವರಾಜು.

“ಹೂಂ,” ಎಂದಳು ಸೌಭಾಗ್ಯ, “ನಿನ್ ತಂಗಿ ಅಲ್ವಾ?”